ಮಂಜೂರಾದ ಹೊರೆ 3 ಕಿಲೋವ್ಯಾಟ್, ಗರಿಷ್ಠ ಬೇಡಿಕೆ 2.41: ಆದರೂ ಕರೆಂಟ್ ಕಡಿತ ಏಕೆ?

ಇವರಿಗೆ,
ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರು,
ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿ

ವಿಷಯ: ಸ್ಮಾರ್ಟ್ ಮೀಟರಿನ ಲೋಡ್ ಲಿಮಿಟ್ ಸರಿಪಡಿಸುವುದು ಮತ್ತು ಹೊರೆ ಹೆಚ್ಚಳದ ನೋಟಿಸನ್ನು ಹಿಂಪಡೆಯುವುದು

ಮಾನ್ಯರೇ,

ಸಹಾಯವಾಣಿ 1912ಕ್ಕೆ ಮಾಡಿದ ಕರೆಗಳ ಡಾಕೆಟ್ (ದೂರು) ಸಂಖ್ಯೆಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಪ್ರತಿಯೊಂದೂ "ಪರಿಹರಿಸಲಾಗಿದೆ" ಎಂದೇ ಮುಗಿದಿದೆ. ಏನನ್ನು ಪರಿಹರಿಸಿದರು ಎಂದು ತಿಳಿಯದ ಕಾರಣ ಈ ಪತ್ರ.

ಹಳೆಯ ಮೀಟರಿನ ಟರ್ಮಿನಲ್ ಉಪ್ಪುಗಾಳಿಗೆ ತುಕ್ಕು ಹಿಡಿಯಿತೆಂದು ನಿಮ್ಮವರೇ ಬಂದು ಸಿಂಗಲ್ ಫೇಸ್ ಸ್ಮಾರ್ಟ್ ಮೀಟರ್ ಕೂರಿಸಿದರು. ಅಲ್ಲಿಂದ ಶುರು. ಗೀಸರ್ ಚಾಲೂ ಇದ್ದಾಗ ಬಾವಿಯ ಅರ್ಧ ಎಚ್.ಪಿ. ಪಂಪ್ ಹಾಕಿದರೆ ಮೀಟರಿನೊಳಗೆ ಟಕ್ ಎನ್ನುತ್ತದೆ, ಮನೆಯಿಡೀ ಕತ್ತಲು. ಸ್ವಲ್ಪ ಹೊತ್ತಿಗೆ ರಿಲೇ, ಅಂದರೆ ಮೀಟರಿನೊಳಗಿನ ಸ್ವಿಚ್, ತಾನೇ ಕೂಡುತ್ತದೆ, ಮತ್ತೆ ಬಿಡುತ್ತದೆ. ಹೀಗೆ ಕೆಲವು ಸಲ ಆಗಿ ಆಮೇಲೆ ಅರ್ಧ ಗಂಟೆ ಲಾಕ್‌ಔಟ್, ಅಂದರೆ ಅಲ್ಲಿಯವರೆಗೆ ರಿಲೇ ಕೂಡುವುದೇ ಇಲ್ಲ. ಎಂ.ಸಿ.ಬಿ. ಬಿದ್ದಿರುವುದಿಲ್ಲ, ಫ್ಯೂಸ್ ಹೋಗಿರುವುದಿಲ್ಲ, ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ.

ಕಾರಣ ನಿಮಗೆ ತಿಳಿಯದ್ದಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಎಲ್ಲರಿಗೂ ತಿಳಿದಂತೆ ಕಾಣಲಿಲ್ಲ. ಮಂಜೂರಾದ ಹೊರೆ ಎಂದರೆ ಸಂಪರ್ಕಕ್ಕೆ ಬರೆಸಿಕೊಂಡ ಕಿಲೋವ್ಯಾಟ್; ನಮ್ಮದು 3. ಗರಿಷ್ಠ ಬೇಡಿಕೆ, ಅಂದರೆ ಎಂ.ಡಿ., ಒಂದು ಕ್ಷಣದ ಲೆಕ್ಕವಲ್ಲ; 30 ನಿಮಿಷದ ಸರಾಸರಿ. ಎರಡು ಕಿಲೋವ್ಯಾಟಿನ ಗೀಸರ್ ಕಾಲು ಗಂಟೆ ಉರಿದು ಆರಿದರೆ ಆ ಅರ್ಧ ಗಂಟೆಯಲ್ಲಿ ಅದರ ಪಾಲು ಒಂದೇ ಕಿಲೋವ್ಯಾಟ್. ಲೋಡ್ ಲಿಮಿಟ್ ಬೇರೆ. ಅದು ಮೀಟರಿಗೆ ಪ್ರೋಗ್ರಾಂ ಮಾಡಿ ಕೊಟ್ಟ ಮಿತಿ, ಜೊತೆಗೆ ಆ ಮಿತಿ ಮೀರಿ ಎಷ್ಟು ಹೊತ್ತು ಕಾದು ರಿಲೇ ಬಿಡಬೇಕೆಂಬ ಸೆಟ್ಟಿಂಗ್. ಅರ್ಧ ಎಚ್.ಪಿ. ಎಂದರೆ ಪಂಪಿನ ಮೋಟರ್ ಹೊರಗೆ ಕೊಡುವ 370 ವ್ಯಾಟ್; ಓಡುವಾಗ ಅದು ಎಳೆಯುವುದು ಸುಮಾರು 600 ವ್ಯಾಟ್. ಸ್ಟಾರ್ಟ್ ಆಗುವ ಕ್ಷಣ ಮಾತ್ರ ಕರೆಂಟ್ ಐದಾರು ಪಟ್ಟು. ಕಾಯುವ ಅವಧಿಯನ್ನು ತೀರಾ ಕಡಿಮೆ ಇಟ್ಟರೆ ಆ ಒಂದು ಜಗ್ಗಿಗೇ ರಿಲೇ ಬಿಡುತ್ತದೆ. ಪಂಪಿನ ಸ್ವಿಚ್ ಆನ್ ಇದ್ದಂತೆಯೇ ರಿಲೇ ಮತ್ತೆ ಕೂಡಿದರೆ ಪಂಪ್, ಗೀಸರ್, ಫ್ರಿಜ್, ಇನ್ವರ್ಟರ್ ಚಾರ್ಜರ್ ಎಲ್ಲವೂ ಒಟ್ಟಿಗೇ ಎಳೆಯುತ್ತವೆ. ಮೊದಲ ಕಡಿತವೇ ಎರಡನೆಯದಕ್ಕೆ ಕಾರಣವಾಗುವುದು ಹೀಗೆ.

ಇನ್ನು ವೋಲ್ಟೇಜ್. ನಮ್ಮದು ಲೈನಿನ ಕೊನೆಯ ಕಂಬ. ಸಂಜೆ ಮೀಟರಿನ ಡಿಸ್‌ಪ್ಲೇಯಲ್ಲೇ 185 ವೋಲ್ಟ್ ತೋರಿಸುತ್ತದೆ. 230ಕ್ಕೆ 2,000 ವ್ಯಾಟ್ ಎಳೆಯುವ ಗೀಸರ್ 185ಕ್ಕೆ ಎಳೆಯುವುದು ಬರೀ 1,300ರ ಹತ್ತಿರ. ಮೋಟರಿನದು ಉಲ್ಟಾ: ವೋಲ್ಟೇಜ್ ಕುಸಿದಷ್ಟೂ ವೇಗ ಹಿಡಿಯಲು ತಡ, ಸ್ಟಾರ್ಟಿಂಗ್ ಕರೆಂಟ್ ಇನ್ನಷ್ಟು ಹೊತ್ತು. ಸರಿಯಾದ ವೋಲ್ಟೇಜ್ ಕೊಡದವರು ನೀವು, ದಂಡ ನಮಗೆ. ಪಕ್ಕದ ಕಾರವಾರ ತಾಲೂಕಿನ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಕದ್ರಾದಲ್ಲಿ ಇನ್ನೂ 150 ಮೆಗಾವ್ಯಾಟ್. ಅಷ್ಟೆಲ್ಲ ಹುಟ್ಟಿಸುವ ಜಿಲ್ಲೆಯಲ್ಲಿ ಅರ್ಧ ಎಚ್.ಪಿ. ಪಂಪ್ ಭಾರವಾಯಿತು.

ಇದನ್ನೇ ಹೇಳಲು ಸೆಕ್ಷನ್ ಆಫೀಸಿಗೆ ಬಂದಾಗ ನಡೆದದ್ದನ್ನು ದಾಖಲಿಸಬೇಕು. ಬಿಲ್ ಕಟ್ಟುವವರ ಸಾಲು ಹಿಂದೆಯೇ ಇತ್ತು. ಕುರ್ಚಿ ಖಾಲಿಯಿತ್ತು, ಕೂರಿ ಅನ್ನಲಿಲ್ಲ, ಅದಿರಲಿ. ಕಿಟಕಿಯಾಚೆಯ ನೌಕರರ ಮೊದಲ ಪ್ರಶ್ನೆ, "ಮನೇಲಿ ಎಷ್ಟು ಜನ?" ಐದು ಅಂದೆ. "ಐದೂ ಜನಕ್ಕೆ ಬಿಸಿನೀರು ಬೇಕಾ?" ಮಳೆಗಾಲ ಅಂದೆ. "ಬಚ್ಚಲಲ್ಲಿ ಹಂಡೆ ಇಲ್ವಾ? ತೆಂಗಿನ ಸಿಪ್ಪೆ ಸಿಗ್ತದಲ್ಲ, ಉರಿ ಹಾಕಿ." ಸಾಲಿನಲ್ಲಿ ಯಾರೋ ನಕ್ಕರು. ಫೋನಿನಲ್ಲಿದ್ದ ಮೀಟರಿನ ಫೋಟೊ ತೋರಿಸಿ, ಎಂ.ಡಿ. 2.41 ಇದೆ ನೋಡಿ ಅಂದೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಇದು ಯೂನಿಟ್ಟಾ?" ಎಂದರು. ಅಲ್ಲ, ಕಿಲೋವ್ಯಾಟ್ ಅಂದೆ. "ಅದೆಲ್ಲ ನಮಗೆ ಬೇಡ, ಸಿಸ್ಟಂನಲ್ಲಿ ಓವರ್‌ಲೋಡ್ ಅಂತ ಬರ್ತದೆ." ಆ ಸಿಸ್ಟಂನ ವರದಿಯ ಪ್ರತಿ ಕೊಡಿ ಅಂದೆ. "ಅದು ಏಜೆನ್ಸಿಯವರ ಹತ್ರ." ಏಜೆನ್ಸಿಯವರ ಕಚೇರಿ ಎಲ್ಲಿ? "ನಮಗೆ ಹೇಗೆ ಗೊತ್ತಿರ್ತದೆ?" ಕೊನೆಗೆ ಇಡೀ ಸಾಲಿಗೆ ಕೇಳುವಂತೆ, "ಇಷ್ಟೆಲ್ಲ ಮಷೀನು ಇಟ್ಕೊಂಡು ಮೂರು ಕಿಲೋವ್ಯಾಟ್ ಬರೆಸ್ಕೊಂಡ್ರೆ ಅದು ಕಳ್ಳತನವೇ ಆಗ್ತದೆ."

ವಿದ್ಯುತ್ ಕಾಯ್ದೆ 2003ರಲ್ಲಿ ಕಳ್ಳತನ 135ನೇ ಕಲಮಿನ ಮಾತು. ತಂತಿಗೆ ಕೊಕ್ಕೆ ಹಾಕುವುದು, ಮೀಟರ್ ತಿದ್ದುವುದು ಅದರೊಳಗೆ ಬರುತ್ತವೆ. ಮೀಟರಿನ ಮೂಲಕವೇ ಹಾದು, ಅಳೆದು, ಬಿಲ್ ಕಟ್ಟಿದ ಕರೆಂಟಿನಲ್ಲಿ ದೋಸೆ ಹಿಟ್ಟು ರುಬ್ಬುವುದು ಅದರಲ್ಲಿ ಎಲ್ಲಿದೆ ಎಂದು ತಾವು ಲಿಖಿತವಾಗಿ ತಿಳಿಸಿದರೆ ಉಪಕಾರವಾದೀತು.

ಅದಾದ ಮೇಲೆ ಬಂದದ್ದು ನೋಟಿಸ್. ಗೀಸರ್ 2,000, ಪಂಪ್ 370, ಮಿಕ್ಸಿ 750, ಗ್ರೈಂಡರ್ 150, ಇಸ್ತ್ರಿ ಪೆಟ್ಟಿಗೆ 1,000, ಫ್ರಿಜ್ 200, ಫ್ಯಾನು-ದೀಪ 500; ಒಟ್ಟು 4,970 ವ್ಯಾಟ್, ಆದ್ದರಿಂದ 5 ಕಿಲೋವ್ಯಾಟಿಗೆ ಏರಿಸಿಕೊಂಡು ಹೆಚ್ಚುವರಿ ಠೇವಣಿ ಕಟ್ಟಿ, ಇಲ್ಲವಾದರೆ ಸಂಪರ್ಕ ಕಡಿತ. ಕೂಡಿಸಿದ್ದು ಸರಿಯಾಗಿದೆ, ಅದಕ್ಕೆ ಅಭಿನಂದನೆ. ಆದರೆ ಇದು ಮನೆಯಲ್ಲಿರುವ ಉಪಕರಣಗಳ ಮೊತ್ತ, ಬೇಡಿಕೆಯಲ್ಲ. ವಿದ್ಯುತ್ (ಗ್ರಾಹಕರ ಹಕ್ಕುಗಳ) ನಿಯಮಗಳು 2020ಕ್ಕೆ 2023ರ ಜೂನ್‌ನಲ್ಲಿ ಬಂದ ತಿದ್ದುಪಡಿ ನಿಮ್ಮ ಮೇಜಿನ ಮೇಲೆ ಇದ್ದೇ ಇರುತ್ತದೆ. ಸ್ಮಾರ್ಟ್ ಮೀಟರ್ ಇರುವಲ್ಲಿ, ಒಂದು ಆರ್ಥಿಕ ವರ್ಷದಲ್ಲಿ ತಿಂಗಳ ಗರಿಷ್ಠ ಬೇಡಿಕೆ ಮಂಜೂರಾದ ಹೊರೆಯನ್ನು ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಹೊರೆ ಏರಿಸಬಹುದು; ಅದೂ ಹಾಗೆ ಮೀರಿದವುಗಳಲ್ಲಿ ಅತಿ ಕಡಿಮೆಯದಕ್ಕೆ. ನಮ್ಮ ಬಿಲ್ಲಿನಲ್ಲಿ ಇದುವರೆಗಿನ ಎಂ.ಡಿ. 2.18, 2.41, 2.36. ಇವುಗಳಲ್ಲಿ ಯಾವುದು ಮೂರಕ್ಕಿಂತ ದೊಡ್ಡದು? ನಿಗದಿತ ಶುಲ್ಕವೂ ಪ್ರತಿ ಕಿಲೋವ್ಯಾಟಿನ ಲೆಕ್ಕ, ಹಾಗಾಗಿ ಬಳಸದ ಎರಡು ಕಿಲೋವ್ಯಾಟಿಗೆ ತಿಂಗಳು ತಿಂಗಳು ಕಟ್ಟಬೇಕು. ನೋಟಿಸಿನ ಹಿಂದಿನ ಆತುರ ಅಲ್ಲಿಯದೇ ಇರಬೇಕು.

ಕೇಳುವುದು ಇಷ್ಟೇ: ಮೀಟರಿನ ಇವೆಂಟ್ ಲಾಗ್ (ಕಡಿತ ಮುಂತಾದ ಘಟನೆಗಳ ದಾಖಲೆ) ಮತ್ತು ಅರ್ಧ ಗಂಟೆಗೊಮ್ಮೆ ದಾಖಲಾಗುವ ಲೋಡ್ ಸರ್ವೆಯ ಮುದ್ರಿತ ಪ್ರತಿ ಕೊಡಿ. ಲೋಡ್ ಲಿಮಿಟ್ ಎಷ್ಟಕ್ಕೆ, ಎಷ್ಟು ಸೆಕೆಂಡಿಗೆ ಇಟ್ಟಿದ್ದೀರಿ ಎಂದು ತಿಳಿಸಿ, ಮೋಟರ್ ಸ್ಟಾರ್ಟ್ ಆದ ಕ್ಷಣಕ್ಕೇ ರಿಲೇ ಬಿಡದಂತೆ ಸರಿಪಡಿಸಿ. ಸರ್ವರ್‌ನಿಂದಲೇ ಆಗುವ ಕೆಲಸ, ಲೈನ್‌ಮನ್ ಏಣಿ ಹೊತ್ತು ಬರಬೇಕಾಗಿಲ್ಲ. ನೋಟಿಸನ್ನು ಹಿಂಪಡೆಯಿರಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಹೋಗುತ್ತದೆ, ಅಲ್ಲಿ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೆ. ಆ ದಿನವೇ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿಯೂ ಬರುತ್ತದೆ: ನಮ್ಮ ಟ್ರಾನ್ಸ್‌ಫಾರ್ಮರಿನ ಪ್ರತಿ ಸ್ಮಾರ್ಟ್ ಮೀಟರಿನ ಲೋಡ್ ಲಿಮಿಟ್ ಎಷ್ಟು, ಎಷ್ಟು ಮನೆಗೆ ಇಂಥ ನೋಟಿಸ್ ಹೋಗಿದೆ, ಅವುಗಳಲ್ಲಿ ಎಷ್ಟರ ಎಂ.ಡಿ. ನಿಜಕ್ಕೂ ಮೀರಿತ್ತು. ನೋಟಿಸ್ ಬಂದ ಅಕ್ಕಪಕ್ಕದ ಮನೆಗಳ ಬಿಲ್ಲಿನ ಪ್ರತಿಗಳನ್ನು ಆಗಲೇ ಕೂಡಿಸತೊಡಗಿದ್ದೇನೆ. ಮತ್ತೊಂದು ವಿಚಾರ. ಲೋಡ್ ಸರ್ವೆಯಲ್ಲಿ ವೋಲ್ಟೇಜ್ ಕೂಡ ಅರ್ಧ ಗಂಟೆಗೊಮ್ಮೆ ದಾಖಲಾಗುತ್ತದೆ. ಎಲ್.ಟಿ. (ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ) ಸರಬರಾಜಿನಲ್ಲಿ ಅದು 230ಕ್ಕಿಂತ ಶೇ. 6ಕ್ಕಿಂತ ಹೆಚ್ಚು ಇಳಿಯುವಂತಿಲ್ಲ, ಅಂದರೆ 216 ವೋಲ್ಟ್ ಇರಲೇಬೇಕು. ಅದಕ್ಕಿಂತ ಕೆಳಗಿದ್ದ ಪ್ರತಿ ಅರ್ಧ ಗಂಟೆಯನ್ನೂ ಎಣಿಸಿ ವೇದಿಕೆಯ ಮುಂದೆ ಇಡುತ್ತೇನೆ, ಅಂದು ತಾವೇ ಖುದ್ದಾಗಿ ಬಂದು ವಿವರಣೆ ಕೊಡಿ.

ಇಂತಿ,
ಒಬ್ಬ ಗೃಹಬಳಕೆ ಗ್ರಾಹಕ,
ಅಂಕೋಲಾ ತಾಲೂಕು

ಪ್ರತಿ: ಕಾರ್ಯನಿರ್ವಾಹಕ ಎಂಜಿನಿಯರರು, ವಿಭಾಗೀಯ ಕಚೇರಿ