ಎರಡನೇ ಗುಂಡಿ ಸಿಕ್ಕಿತಾ?

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ಅಪ್ಪನಿಗೂ ತಿಳಿಸು. ನಾವಿಲ್ಲಿ ಕ್ಷೇಮ. ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇವೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇವೆ. ಇಷ್ಟು ಸಾಕು, ಈಗ ಗುಂಡಿಯ ವಿಷಯಕ್ಕೆ ಬರುತ್ತೇನೆ.

ನಾಲ್ಕು ಪುಟದ ಕಾಗದದಲ್ಲಿ ಒಂದೇ ಒಂದು ಸಾಲು ಬರೆದಿದ್ದೀಯ: ‘ನಾನು ಹೊಲಿದ ಬೊಂಬೆಯ ಕಣ್ಣನ್ನು ಪುಟ್ಟಿ ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು, ತೆಗೆದೆವು.’ ಬೊಂಬೆಗೆ ನೀನು ಹೊಲಿದ ಗುಂಡಿಯ ಕಣ್ಣು ಎರಡು, ಅಮ್ಮ. ಬಾಯಿಂದ ತೆಗೆದದ್ದು ಒಂದು. ಇನ್ನೊಂದು ಬೊಂಬೆಯಲ್ಲೇ ಇದೆಯಾ, ಮಂಚದ ಕೆಳಗಿದೆಯಾ, ಎಲ್ಲಿದೆ? ಅದನ್ನು ಬರೆದೇ ಇಲ್ಲ. ನನಗೇನೂ ಗಾಬರಿಯಿಲ್ಲ, ನೀನೂ ಗಾಬರಿಪಡಬೇಡ. ಡಾಕ್ಟರ್ ನೋಡಿದ್ದಾರೆ, ಮಗು ಆಡಿಕೊಂಡಿದೆ ಅಂತ ಫೋನಿನಲ್ಲಿ ತಮ್ಮ ಹೇಳಿದ. ನಯವಾದ ಸಣ್ಣ ಪ್ಲಾಸ್ಟಿಕ್ ಗುಂಡಿ ಹೊಟ್ಟೆಗೆ ಇಳಿದಿದ್ದರೂ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ತಾನಾಗಿ ಹೊರಗೆ ಬರುತ್ತೆ. ಆದರೆ ಡಾಕ್ಟರಿಗೆ ಒಂದೇ ಗುಂಡಿಯ ಕತೆ ಹೇಳಿದ್ದರೆ, ಎರಡನೆಯದು ಸಿಕ್ಕಿಲ್ಲವೆಂದೂ ಹೇಳಿಬಿಡಿ. ಜೊಲ್ಲು ವಿಪರೀತ ಸುರಿದರೆ, ಹಾಲು ಬೇಡವೆಂದು ಮುಖ ತಿರುಗಿಸಿದರೆ, ವಾಂತಿಯಾದರೆ, ಕೆಮ್ಮು ಬಿಡದಿದ್ದರೆ, ಉಸಿರಿನಲ್ಲಿ ಸೀಟಿಯಂಥ ಸದ್ದು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಇನ್ನು ಗುಂಡಿ ಆಕಾರದ ಸೆಲ್ ಬರುತ್ತಲ್ಲ, ಗಡಿಯಾರಕ್ಕೆ, ಹಾಡುವ ಆಟಿಕೆಗೆ ಹಾಕುವುದು, ಅದರ ಮಾತೇ ಬೇರೆ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಹೋದದ್ದು ಬಟ್ಟೆಯ ಗುಂಡಿಯೇ ತಾನೆ? ಖಾತ್ರಿ ಮಾಡಿಕೊಂಡು ಬರೆ.

‘ಇನ್ನು ಮನೆಯಲ್ಲಿ ಮಾಡಿದ ಆಟಿಕೆ ಬೇಡ’ ಅಂತ ನಿನ್ನ ಸೊಸೆ ಅಂದಳೆಂದು ನೀನು ಮುನಿಸಿಕೊಂಡಿದ್ದೀಯ. ಹೆತ್ತವಳ ಭಯ, ಅದಕ್ಕೆ ಮುನಿಸೇಕೆ? ಆದರೆ ತಪ್ಪು ಮನೆಯಲ್ಲಿ ಮಾಡಿದ್ದರಲ್ಲಿಲ್ಲ, ಗುಂಡಿ ಇಟ್ಟಿದ್ದರಲ್ಲಿದೆ. ನೀನು ಎಷ್ಟು ಗಟ್ಟಿಯಾಗಿ ಹೊಲಿದರೂ ಅದು ಬಿಡುತ್ತಿತ್ತು. ಗುಂಡಿಯ ತೂತಿನ ಅಂಚು ಒರಟು, ಮಗು ಎಳೆದಾಗಲೆಲ್ಲ ದಾರವನ್ನು ಗರಗಸದ ಹಾಗೆ ಕೊಯ್ಯುತ್ತೆ. ದಾರ ಗಟ್ಟಿ ಹಾಕಿದೆ ಅನ್ನು, ಆಗ ದಾರ ಉಳಿದು ಕೆಳಗಿನ ಬಟ್ಟೆ ಹರಿಯುತ್ತೆ. ನೀನು ಹಳೇ ಹತ್ತಿ ಸೀರೆ ಬಳಸಿದ್ದೀಯ. ಅದು ಮೆತ್ತಗಿರುವುದೇ ನೂಲು ಸವೆದಿದೆ ಅನ್ನುವುದಕ್ಕೆ. ಅಂಗಡಿಯಲ್ಲಿ ‘ಸೇಫ್ಟಿ ಐ’ ಅಂತ ಹಿಂದೆ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣು ಸಿಗುತ್ತೆ. ಹೆಸರು ನೋಡಿ ಮೋಸಹೋಗಬೇಡ, ಬಟ್ಟೆ ಸಡಿಲವಾದರೆ ಬಿಲ್ಲೆ ಸಮೇತ ನುಸುಳಿ ಬರುತ್ತೆ. ಮೂರು ವರ್ಷ ತುಂಬುವ ತನಕ ಕಣ್ಣು, ಮೂಗು, ಬಾಯಿ ಎಲ್ಲ ಕಸೂತಿ ದಾರದಲ್ಲೇ ಇರಲಿ.

ಹೊಸ ಬೊಂಬೆ ಹೀಗೆ ಮಾಡು. ಒತ್ತಾಗಿ ನೇಯ್ದ ಹೊಸ ಹತ್ತಿ ಬಟ್ಟೆ, 30 ಸೆಂ.ಮೀ. ಉದ್ದ 25 ಅಗಲದ ಎರಡು ತುಂಡು. ಬೊಂಬೆಯ ಆಕಾರಕ್ಕೆ ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಮಾಡು. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಬಟ್ಟೆ ಕುಗ್ಗಿ ಬೊಂಬೆಯ ಹೊಲಿಗೆ ಸುಕ್ಕುಗಟ್ಟುತ್ತೆ, ಬಣ್ಣ ಬಿಡುವ ಬಟ್ಟೆಯಾಗಿದ್ದರೆ ಅದೂ ಆಗಲೇ ಗೊತ್ತಾಗುತ್ತೆ. ಸೀರೆಯೇ ಬೇಕೆಂದರೆ ಒಳಗೆ ಹೊಸ ಬಟ್ಟೆಯ ಅಸ್ತರು ಕೊಡು. ಜರಿ ಅಂಚು ಮಾತ್ರ ಖಂಡಿತ ಬೇಡ. ಬಿಚ್ಚಿಕೊಂಡ ಜರಿ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದೇ ನಿಲ್ಲುತ್ತೆ. ಬೊಂಬೆಗೆ ಉಲನ್ ಜಡೆ ಬೇಡ ಅನ್ನುವುದೂ ಅದಕ್ಕೇ.

ಮುಖವನ್ನು ಹೊಲಿಯುವ ಮೊದಲೇ, ಬಟ್ಟೆ ಒಂಟಿಯಾಗಿರುವಾಗಲೇ ಕಸೂತಿ ಮಾಡಿ ಮುಗಿಸು. ಆರೆಳೆ ದಾರದಲ್ಲಿ ಮೂರೆಳೆ ಬಿಡಿಸಿಕೊಂಡರೆ ಸಾಕು. ಗಂಟು ಬಟ್ಟೆಯ ಹಿಂದೆ ಉಳಿಯುತ್ತೆ, ಬೊಂಬೆಯ ಒಳಗೆ ಸೇರುತ್ತೆ, ಮಗುವಿನ ಹಲ್ಲಿಗೆ ಸಿಗುವುದಿಲ್ಲ. ತುಂಬಿದ ಮೇಲೆ ಕಸೂತಿಗೆ ಕೂತರೆ ಗಂಟು ಹೊರಗೇ ಉಳಿಯುತ್ತೆ. ಆಮೇಲೆ ಎರಡು ತುಂಡಿನ ಚಂದದ ಮಗ್ಗುಲನ್ನು ಒಳಗೆ ಮಾಡಿ, ಅಂಚಿನಿಂದ 8 ಮಿ.ಮೀ. ಒಳಗೆ, 2 ಮಿ.ಮೀ. ಟಾಕಿಯಲ್ಲಿ ಪಾಲಿಯೆಸ್ಟರ್ ದಾರದಿಂದ ಹೊಲಿ. ಅದರ ಪಕ್ಕದಲ್ಲೇ, ಅಂಚಿನ ಕಡೆಗೆ, ಇನ್ನೊಂದು ಸಾಲು ಹಾಕು. ತಿರುವಲು 5 ಸೆಂ.ಮೀ. ಬಾಯಿಯನ್ನು ಬೊಂಬೆಯ ಪಕ್ಕೆಯಲ್ಲಿ, ನೇರವಾಗಿರುವ ಕಡೆ ಬಿಡು. ತಿರುವಿನಲ್ಲಿ ಬಿಟ್ಟರೆ ಮುಚ್ಚುವಾಗ ಗಂಟುಗಂಟಾಗುತ್ತೆ. ಕುತ್ತಿಗೆ, ಕಂಕುಳಿನ ತಿರುವಿನಲ್ಲಿ ಕತ್ತರಿ ತುದಿಯಿಂದ ಕಚ್ಚು ಹಾಕು, ಹೊಲಿಗೆಗೆ 3 ಮಿ.ಮೀ. ಇರುವಾಗಲೇ ನಿಲ್ಲಿಸು. ಕಚ್ಚು ಹಾಕದಿದ್ದರೆ ತಿರುವು ಎಳೆದುಕೊಳ್ಳುತ್ತೆ, ಹೊಲಿಗೆಯ ತನಕ ಹೋದರೆ ಅಲ್ಲೇ ಬಿಚ್ಚುತ್ತೆ.

ತುಂಬಲು ಬೂರುಗದ ಹತ್ತಿ ಬೇಡ. ಒಗೆದರೆ ಉಂಡೆಗಟ್ಟುತ್ತೆ, ಒಳಗೆ ಒಣಗದೆ ಮುಗ್ಗುಲು ವಾಸನೆ ಹಿಡಿಯುತ್ತೆ. ಬಾಯಲ್ಲಿಡುವ ಬೊಂಬೆಯನ್ನು ವಾರಕ್ಕೊಮ್ಮೆ ಒಗೆಯಲೇಬೇಕಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ತಗೊ, ಒಂದು ಗೇಣಿನ ಬೊಂಬೆಗೆ ಸುಮಾರು 60 ಗ್ರಾಂ ಹಿಡಿಯುತ್ತೆ. ಒಂದೊಂದೇ ಚಿಟಿಕೆ ಬಿಡಿಸಿ, ಪೆನ್ಸಿಲಿನ ಮೊಂಡು ತುದಿಯಿಂದ ಮೊದಲು ಕೈ, ಕಾಲು, ತಲೆ ತುಂಬು, ಹೊಟ್ಟೆ ಕೊನೆಗೆ. ಕುತ್ತಿಗೆಗೆ ಬೇಕೆಂದೇ ಜಾಸ್ತಿ ಒತ್ತು, ಇಲ್ಲದಿದ್ದರೆ ನಾಲ್ಕೇ ದಿನಕ್ಕೆ ತಲೆ ಜೋತುಬೀಳುತ್ತೆ. ಸದ್ದು ಬರಲೆಂದು ಕಾಳು, ಮಣಿ ಏನೂ ಹಾಕಬೇಡ. ಕಾಳು ನೀರು ಹೀರಿ ಊದಿ ಕೊಳೆಯುತ್ತೆ, ಹುಳು ಬೀಳುತ್ತೆ. ಮುಚ್ಚುವಾಗ ಎರಡೂ ಅಂಚನ್ನು ಒಳಗೆ ಮಡಚಿ, ಜೋಡಿ ದಾರದ ಸೂಜಿಯನ್ನು ಒಂದು ಮಡಿಕೆಯೊಳಗೆ 3 ಮಿ.ಮೀ. ಓಡಿಸಿ ಎದುರು ಮಡಿಕೆಗೆ ದಾಟಿಸು, ಅಲ್ಲಿ 3 ಮಿ.ಮೀ. ಓಡಿಸಿ ಈಚೆಗೆ. ನಾಲ್ಕೈದು ಟಾಕಿಗೊಮ್ಮೆ ಎಳೆದರೆ ದಾರ ಕಾಣದಂತೆ ಬಾಯಿ ಕೂಡಿಕೊಳ್ಳುತ್ತೆ. ಅದರ ಮೇಲೆ ಇನ್ನೊಂದು ಸಲ ಹೊಲಿ, ಸೊಗಸು ಕೆಟ್ಟರೆ ಕೆಡಲಿ.

ಇನ್ನು ಪರೀಕ್ಷೆ. ಇಲ್ಲಿನವರು ಜರ್ಮನರು, ಎಲ್ಲಕ್ಕೂ ಒಂದು ಅಳತೆ ಇರಲೇಬೇಕು. ಅಂಗಡಿಯ ಆಟಿಕೆಯ ಮೇಲೆ ‘0-3’ ಅಂತ ಬರೆದು, ಅಳುಮೋರೆಯ ಮಗುವಿನ ಚಿತ್ರಕ್ಕೆ ಕೆಂಪು ಗೆರೆ ಎಳೆದಿರುತ್ತಾರೆ. ಮಗುವನ್ನೇ ನಿಷೇಧಿಸಿದ ಹಾಗೆ ಕಾಣುತ್ತೆ! ಸಣ್ಣ ಚೂರುಗಳಿವೆ, ಮೂರು ವರ್ಷದೊಳಗಿನವರಿಗೆ ಬೇಡ ಅಂತ ಅದರ ಅರ್ಥ. ನಮ್ಮಲ್ಲೇನು ಇಲ್ಲವೇ? ಅಲ್ಲೂ 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಬಂದಿದೆಯಲ್ಲ. ಮಾರುವವರಿಗೆ ಆ ಕಾನೂನು, ಮೊಮ್ಮಗಳಿಗೆ ಹೊಲಿಯುವ ಅಜ್ಜಿಗೆ ಯಾರೂ ಬಂದು ಕೇಳುವುದಿಲ್ಲ. ಆದರೆ ಅವರ ಅಳತೆಯನ್ನು ನಾವು ಬಿಟ್ಟಿ ಬಳಸಿಕೊಳ್ಳಬಹುದು. ಮಗುವಿನ ಗಂಟಲಿನ ಲೆಕ್ಕಕ್ಕೆ ಅವರದ್ದೊಂದು ಕೊಳವೆಯಿದೆ: ಒಳವ್ಯಾಸ 31.7 ಮಿ.ಮೀ., ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಅದರೊಳಗೆ ಪೂರ್ತಿ ಮುಳುಗುವುದೆಲ್ಲ ಮಗುವಿಗೆ ಅಪಾಯ. ನೀನು ದಪ್ಪ ರಟ್ಟಿನಲ್ಲಿ 11 ಸೆಂ.ಮೀ. ಉದ್ದ, 6 ಅಗಲದ ಪಟ್ಟಿ ಕತ್ತರಿಸಿ, 1 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಸುತ್ತಿ ಅಂಟಿಸು. ಹೆಚ್ಚುಕಡಿಮೆ ಅದೇ ಅಗಲ ಬರುತ್ತೆ. ತಳ ಸಮವಾಗಿರುವುದರಿಂದ ನಿನ್ನ ಕೊಳವೆ ಇವರದಕ್ಕಿಂತ ಒಂದು ಕೈ ಹೆಚ್ಚೇ ಕಟ್ಟುನಿಟ್ಟು, ಇರಲಿ. ಚಿನ್ನುವಿನ ಆಟಿಕೆಗಳನ್ನೂ ಅದರಲ್ಲಿ ಹಾಕಿ ನೋಡು. ಅವನಿಗೆ ನಾಲ್ಕು ವರ್ಷ, ಪರವಾಗಿಲ್ಲ ಅಂತ ನೀವಂದುಕೊಂಡಿದ್ದೀರಿ, ನೆಲದ ಮೇಲೆ ತೆವಳುವವಳಿಗೆ ಯಾರದಾದರೇನು? ಚೆಂಡಾದರೆ ಕೊಳವೆಯ ಲೆಕ್ಕವೂ ಸಾಲದು, 44.5 ಮಿ.ಮೀ.ಗಿಂತ ದೊಡ್ಡದೇ ಇರಬೇಕು. ದುಂಡಗಿನದು ಗಂಟಲನ್ನು ಬಿರಡೆಯ ಹಾಗೆ ಮುಚ್ಚಿಬಿಡುತ್ತೆ.

ಎಳೆದು ನೋಡುವ ಲೆಕ್ಕವೂ ಇದೆ. 6 ಮಿ.ಮೀ.ಗಿಂತ ದೊಡ್ಡ ಬಿಡಿಭಾಗವನ್ನು 90 ನ್ಯೂಟನ್, ಅಂದರೆ ಸುಮಾರು 9 ಕಿಲೋ ತೂಕದಲ್ಲಿ 10 ಸೆಕೆಂಡ್ ಎಳೆಯುತ್ತಾರೆ, ಹೊಲಿಗೆಯನ್ನು 70 ನ್ಯೂಟನ್‌ನಲ್ಲಿ. ಬೊಂಬೆಯ ಕೈಗೆ ಬಟ್ಟೆಪಟ್ಟಿ ಕಟ್ಟಿ, 9 ಲೀಟರ್ ನೀರಿನ ಬಕೆಟ್ ನೇತುಹಾಕಿ ಹತ್ತರ ತನಕ ಎಣಿಸು. ಹೊಲಿಗೆಯ ಸಾಲಿನಲ್ಲಿ ಬೆಳಕು ಕಂಡರೆ ಬಿಚ್ಚಿ ಮತ್ತೆ ಹೊಲಿ. ಒಗೆದು ಒಣಗಿಸಿದ ಮೇಲೆ ಇನ್ನೊಮ್ಮೆ ನೇತುಹಾಕು. ನಿನ್ನ ಸೊಸೆಯ ಎದುರಿಗೇ ನೇತುಹಾಕು, ಮಾತೇ ಬೇಕಾಗುವುದಿಲ್ಲ. ಮತ್ತೆ, ಬೊಂಬೆಯನ್ನು ತಬ್ಬಿಕೊಂಡು ಮಲಗುತ್ತಾಳೆ ಅಂತ ಖುಷಿಯಾಗಿ ಬರೆದಿದ್ದೀಯ. ಒಂದು ವರ್ಷ ತುಂಬುವ ತನಕ ನಿದ್ದೆಯಲ್ಲಿ ಪಕ್ಕಕ್ಕೆ ಬೊಂಬೆ, ದಿಂಬು ಯಾವುದೂ ಬೇಡ. ಮುಖಕ್ಕೆ ಒತ್ತಿದರೆ ತಳ್ಳಿಕೊಳ್ಳಲು ಬರುವುದಿಲ್ಲ. ಎದ್ದಾಗ ಕೊಡು.

ಅಪ್ಪನಿಗೆ ಈ ಪುಟವನ್ನು ಓದಿ ಹೇಳು. ಚಿನ್ನುವಿಗೆ ಮರದ ಕಾರು ಮಾಡುತ್ತಿದ್ದಾರಂತೆ, ಅಟ್ಟದ ಮೇಲಿನ ಹಳೇ ಹಸಿರು ಬಣ್ಣದ ಡಬ್ಬಿ ಇಳಿಸಿದ್ದಾರಂತೆ. ಆ ಡಬ್ಬಿ ವಾಪಸ್ ಹೋಗಲಿ. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಅನ್ನು ಮಕ್ಕಳ ಆಟಿಕೆಗೆ ಮುಟ್ಟಿಸಲೇಬಾರದು. ಅಗಸೆ ಎಣ್ಣೆ ಹಚ್ಚುತ್ತೇನೆ ಅಂದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದೆಂದು ಹೇಳು. ಅದು ಒಣಗುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ, ನೀರಿನಲ್ಲಿ ನೆನೆಸಿಡಬೇಕು. ಅದಕ್ಕಿಂತ ಸುಲಭ: 20 ಗ್ರಾಂ ಜೇನುಮೇಣ, ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ 80 ಮಿ.ಲೀ. ಬಟ್ಟಲಿನಲ್ಲಿ ಹಾಕಿ, ಆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ನೇರ ಉರಿಯ ಮೇಲೆ ಬೇಡ. ಆರಿದ ಮೇಲೆ ಬಟ್ಟೆಯಿಂದ ತೆಳ್ಳಗೆ ಉಜ್ಜುವುದು, ಅರ್ಧ ಗಂಟೆ ಬಿಟ್ಟು ಒರೆಸುವುದು. ಅದಕ್ಕೆ ಮುಂಚೆ ಮರವನ್ನು 120, 180, 220ರ ಉಪ್ಪುಕಾಗದದಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರೆ ನಾರು ಏಳುತ್ತೆ, ಆಗ 220ರಲ್ಲಿ ಇನ್ನೊಂದು ಕೈ. ಈ ಒದ್ದೆ ಕೈ ಬಿಟ್ಟರೆ ಮೊದಲ ಜೊಲ್ಲಿಗೇ ಕಾರು ತರಿತರಿಯಾಗುತ್ತೆ.

ಕಾರಿನ ಮೈ 14 ಸೆಂ.ಮೀ. ಉದ್ದ, 7 ಅಗಲ, 4 ಎತ್ತರ. ಚಕ್ರ 45 ಮಿ.ಮೀ., ಅದಕ್ಕಿಂತ ಚಿಕ್ಕದು ಬೇಡ. ಕಿತ್ತು ಬಂದರೂ ಪುಟ್ಟಿಯ ಗಂಟಲಿಗೆ ಇಳಿಯಬಾರದು. ಕೊಂಬೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಚಕ್ರ ಮಾಡಿದರೆ ಒಣಗುವಾಗ ನಡುವಿನಿಂದ ಅಂಚಿಗೆ ಸೀಳುತ್ತೆ, 12 ಮಿ.ಮೀ. ಹಲಗೆಯಿಂದಲೇ ಕತ್ತರಿಸಬೇಕು. ಅಚ್ಚಿಗೆ 8 ಮಿ.ಮೀ. ದುಂಡು ಕಡ್ಡಿ, ಚಕ್ರದ ತೂತು ಬಿಗಿಯಾಗಿ 8, ಮೈಯ ತೂತು 9. ಆ ಒಂದು ಮಿಲಿಮೀಟರ್ ಮಳೆಗಾಲಕ್ಕೆ, ಮರ ಊದಿದರೆ ಅಚ್ಚು ಕಚ್ಚಿಕೊಳ್ಳಬಾರದು. ಎರಡು ಕಡೆಯಿಂದ ಅರ್ಧರ್ಧ ಕೊರೆದರೆ ತೂತು ನಡುವೆ ಕೂಡುವುದಿಲ್ಲ, ಕಾರು ಮೂರೇ ಚಕ್ರದಲ್ಲಿ ನಿಲ್ಲುತ್ತೆ. ಕೆಳಗೆ ಹಳೇ ಹಲಗೆ ಕೊಟ್ಟು ಒಂದೇ ಕಡೆಯಿಂದ ನೇರ ಕೊರೆಯಲಿ. ಫೆವಿಕಾಲನ್ನು ಅಚ್ಚಿನ ತುದಿಗೆ ಹಚ್ಚಬಾರದು. ಹಚ್ಚಿದರೆ ಚಕ್ರ ಅದನ್ನು ಕೆರೆದುಕೊಂಡು ಮೈಯೊಳಗೆ ದಬ್ಬಿ ಅಚ್ಚನ್ನೇ ಅಂಟಿಸಿಬಿಡುತ್ತೆ. ಚಕ್ರದ ತೂತಿನೊಳಗೆ ಒಂದು ಹನಿ ಸವರಿದರೆ ಹೆಚ್ಚಿನದು ಹೊರಮಗ್ಗುಲಿಗೆ ಬರುತ್ತೆ, ಒರೆಸಿದರಾಯಿತು. ಚಕ್ರಕ್ಕೂ ಮೈಗೂ ನಡುವೆ ಒಂದು ರಟ್ಟು ಸಿಕ್ಕಿಸಿಟ್ಟು, ಮರುದಿನ ತೆಗೆಯಲಿ. ಎಳೆಯುವ ದಾರ ಕಟ್ಟುವುದಾದರೆ ಒಂದು ಗೇಣಿಗಿಂತ ಉದ್ದ ಬೇಡ, ಪುಟ್ಟಿ ಕುತ್ತಿಗೆಗೆ ಸುತ್ತಿಕೊಂಡಾಳು.

ಮರ ಯಾವುದು ಅಂತ ಕೇಳಿದ್ದಾರೆ. ಚನ್ನಪಟ್ಟಣದವರು ಬಳಸುವ ಆಲೆ ಮರ ಸಿಕ್ಕರೆ ಅದಕ್ಕಿಂತ ಬೇರೆ ಬೇಡ: ನುಣುಪು, ಸಿಬಿರು ಏಳುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಸಿಬಿರು ಬಿಡುತ್ತೆ. ಇಲ್ಲಿ ಸೈಫನ್ ಅಂತ ಒಂದು ಬೊಂಬೆ ಊರಿದೆ. ಹಸಿ ಸ್ಪ್ರೂಸ್ ಮರದ ಬಿಲ್ಲೆಯನ್ನು ಚರಕಿಗೆ ಕೊಟ್ಟು ದೊಡ್ಡ ಬಳೆ ಮಾಡುತ್ತಾರೆ. ನೋಡಿದರೆ ಬರೀ ಬಳೆ, ಸೀಳಿದರೆ ಒಂದೊಂದು ಹೋಳೂ ಒಂದೊಂದು ಕುದುರೆ! ಅಪ್ಪನಿಗೆ ಹೇಳು, ಬೆರಗಾಗುತ್ತಾರೆ. ಆದರೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜಾಟದ ಬಿಸಿಯಲ್ಲೇ ಬಣ್ಣ ಹತ್ತಿಸುವ ನಮ್ಮವರ ಕೈಚಳಕ ಇವರದಕ್ಕಿಂತ ಏನೂ ಕಮ್ಮಿಯಲ್ಲ ಅಂತ ಇಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಬಸ್ಸಿಗೆ ಹೊತ್ತಾಯಿತು, ಇಲ್ಲಿ ಅದು ಒಂದು ನಿಮಿಷವೂ ಕಾಯುವುದಿಲ್ಲ. ಪುಟ್ಟಿಗೆ ಏನೂ ಆಗುವುದಿಲ್ಲ ಅಮ್ಮ, ಆಗುವಂಥದ್ದಾಗಿದ್ದರೆ ಇಷ್ಟರಲ್ಲಿ ಗೊತ್ತಾಗುತ್ತಿತ್ತು. ನಾನು ನಿಶ್ಚಿಂತೆಯಾಗಿದ್ದೇನೆ, ನೀನೂ ಇರು. ಉಳಿದದ್ದು ಮುಂದಿನ ಕಾಗದದಲ್ಲಿ. ಎಲ್ಲರಿಗೂ ನೆನಪು, ಮಕ್ಕಳಿಗೆ ಮುತ್ತು.

ಇತಿ,
ನಿನ್ನ ಮಗಳು

ತಾ.ಕ.: ಕಾಗದ ಕೈಗೆ ಸಿಕ್ಕ ಕೂಡಲೇ ಮಂಚ ಸರಿಸಿ, ಹಾಸಿಗೆಯ ಹೊದಿಕೆ ಕೊಡವಿ, ಬೊಂಬೆಯ ಹೊಟ್ಟೆಯನ್ನೂ ಬಿಚ್ಚಿ ನೋಡಿ. ಬಟ್ಟೆ ಹರಿದ ತೂತಿನಿಂದ ಗುಂಡಿ ಒಳಗೂ ಸೇರಿರಬಹುದು. ಸಿಕ್ಕಿತು, ಸಿಗಲಿಲ್ಲ, ಎರಡರಲ್ಲಿ ಒಂದು ಮಾತು ತಮ್ಮನ ಕೈಲಿ ಅದೇ ದಿನ ಫೋನ್ ಮಾಡಿಸು. ರಾತ್ರಿಯಾದರೂ ಸರಿ, ಎದ್ದಿರುತ್ತೇನೆ.