ಆಯಿಲ್ ಮಟ್ಟ ಏರಿದರೆ ಹಿಗ್ಗಬೇಡ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ರೈಲು ಎಂಜಿನ್ ರಿಪೇರಿ ಮಾಡುವ ಡೀಸೆಲ್ ಶೆಡ್ಡಿಗೆ ಸೇರಿದ್ದು ತಿಳಿದು ಸಂತೋಷವಾಯಿತು. ಆದರೆ ನೀನು ಬರೆದ ಒಂದು ಸಾಲು ಯಾಕೋ ಸರಿ ಕಾಣಲಿಲ್ಲ: "ಈ ಎಂಜಿನ್ ಆಯಿಲ್ ಕುಡಿಯುವುದೇ ಇಲ್ಲ ಮಾವ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸ್ವಲ್ಪ ಏರಿಯೇ ಇದೆ." ಹಿಗ್ಗಬೇಡ ಕಣೋ. ಓಡುವ ಎಂಜಿನ್ ಅಷ್ಟಿಷ್ಟು ಆಯಿಲ್ ಸುಟ್ಟೇ ಸುಡುತ್ತದೆ. ಯಾರೂ ಹಾಕದೆ ಮಟ್ಟ ಏರಿದರೆ ಒಳಗೆ ಡೀಸೆಲ್ ಸೇರುತ್ತಿದೆ, ಇಲ್ಲವೇ ರೇಡಿಯೇಟರ್ ನೀರು.

ನೀರನ್ನು ಹಿಡಿಯುವುದು ಸುಲಭ. ಕಾದ ತಟ್ಟೆಯ ಮೇಲೆ ಒಂದು ಹನಿ ಆಯಿಲ್ ಬಿಡು. ಚಟಪಟ ಸಿಡಿದರೆ ನೀರಿದೆ. ಸಿಡಿಯಲಿಲ್ಲವೆಂದು ಅಷ್ಟಕ್ಕೇ ಬಿಡಬೇಡ. ಬಿಸಿ ಎಂಜಿನ್ನಿನಲ್ಲಿ ನೀರು ಆವಿಯಾಗಿ ಹೋಗಿಬಿಡುತ್ತದೆ, ಆದರೆ ತುಕ್ಕು ಹಿಡಿಯದಿರಲೆಂದು ಆ ನೀರಿಗೆ ಬೆರೆಸಿದ ಬೋರಾನ್, ಸೋಡಿಯಂ ಆಯಿಲ್‌ನಲ್ಲೇ ಉಳಿಯುತ್ತವೆ. ಆಯಿಲ್ ಪರೀಕ್ಷೆಯ ಲ್ಯಾಬ್ ವರದಿಯಲ್ಲಿ ಅವನ್ನು ಹುಡುಕು.

ಡೀಸೆಲ್ ಸೇರಿದರೆ ಗಂಡಾಂತರ ಇನ್ನೂ ದೊಡ್ಡದು. ಆಯಿಲ್ ತೆಳ್ಳಗಾಗುತ್ತದೆ, ಫ್ಲ್ಯಾಶ್ ಪಾಯಿಂಟ್ (ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) ಇಳಿಯುತ್ತದೆ, ಬೇರಿಂಗಿನಲ್ಲಿ ಲೋಹಕ್ಕೆ ಲೋಹ ಉಜ್ಜಿ ಕಾಯುತ್ತದೆ. ಆ ಕಾವಿಗೆ ಆಯಿಲ್ ಮಂಜಿನಂತೆ ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ತುಂಬಿಕೊಳ್ಳುತ್ತದೆ. ಕ್ರ್ಯಾಂಕ್‌ಕೇಸ್ ಒತ್ತಡದಿಂದ ಎಂಜಿನ್ ತಾನಾಗಿ ನಿಂತರೆ ಕವರ್ ಬಿಚ್ಚಲು ಓಡಬೇಡ. ಕನಿಷ್ಠ 2 ಗಂಟೆ ಆರಲಿ. ಆ ಮಂಜಿಗೆ ಹೊರಗಿನ ಗಾಳಿ ಸಿಕ್ಕರೆ ಸ್ಫೋಟವಾಗಬಹುದು. ಮೇಲಿನವರು ಎಷ್ಟು ಅವಸರ ಮಾಡಿದರೂ ಬೈಸಿಕೊಂಡು ಸುಮ್ಮನಿರು.

ವರದಿ ಓದುವಾಗ ಒಂದು ಅಂಕಿಯನ್ನು ನೋಡಿ ತೀರ್ಮಾನಿಸಬೇಡ, ಹಿಂದಿನವುಗಳ ಪಕ್ಕದಲ್ಲಿಟ್ಟು ನೋಡು. ಆಯಿಲ್‌ನಲ್ಲಿ ಕಬ್ಬಿಣ ಏರಿದರೆ ಸಿಲಿಂಡರ್ ಲೈನರ್, ಪಿಸ್ಟನ್ ರಿಂಗ್ ಸವೆಯುತ್ತಿವೆ. ತಾಮ್ರ, ಸೀಸ ಏರಿದರೆ ಬೇರಿಂಗ್. ಸಿಲಿಕಾನ್ ಏರಿದರೆ ಮೊದಲು ಏರ್ ಫಿಲ್ಟರ್ ನೋಡು, ಹೆಚ್ಚಾಗಿ ಧೂಳಿನ ಕೆಲಸವೇ.

ಅಮೆರಿಕದ ಇಎಂಡಿ ಕಂಪನಿಯ 645, 710ರಂಥ ಟೂ-ಸ್ಟ್ರೋಕ್ ಎಂಜಿನ್‌ಗಳ ಪಿಸ್ಟನ್ ಪಿನ್ ಬೇರಿಂಗಿಗೆ ಬೆಳ್ಳಿಯ ಲೇಪ ಇರುತ್ತದೆ. ಲಾರಿಗೆ ಹಾಕುವ ಆಯಿಲ್‌ನಲ್ಲಿ ಸತುವಿನ ಅಂಶ ಇರುತ್ತದಲ್ಲ, ಅದು ಬೆಳ್ಳಿಯನ್ನು ತಿಂದುಹಾಕುತ್ತದೆ. "ಎಲ್ಲವೂ 40 ಗ್ರೇಡೇ ತಾನೆ" ಎಂದು ಯಾರಾದರೂ ಬೇರೆ ಡ್ರಮ್ ಉರುಳಿಸಿಕೊಂಡು ಬಂದರೆ ಒಪ್ಪಬೇಡ. ಗ್ರೇಡ್ ಹೇಳುವುದು ಆಯಿಲ್ ಎಷ್ಟು ಗಟ್ಟಿ ಎಂಬುದನ್ನು ಮಾತ್ರ.

ಇನ್ನೊಂದು. 48 ಗಂಟೆಗೂ ಹೆಚ್ಚು ನಿಂತ ಎಂಜಿನ್ನನ್ನು ಪ್ರಿಲೂಬ್ ಮಾಡದೆ, ಅಂದರೆ ಮೊದಲೇ ಒಳಗೆಲ್ಲ ಆಯಿಲ್ ಹರಿಸದೆ, ಸ್ಟಾರ್ಟ್ ಮಾಡಬೇಡ. ನಿಲ್ಲಿಸಿದ ಮೇಲೆ ಟರ್ಬೋಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಚಾರ್ಜರ್) ಆಯಿಲ್ ಹರಿಸುವ ಲೂಬ್ ಪಂಪ್ ಸ್ವಲ್ಪ ಹೊತ್ತು ಓಡುತ್ತಲೇ ಇದ್ದರೆ ಬ್ಯಾಟರಿ ಉಳಿಸುವ ನೆಪದಲ್ಲಿ ಅದನ್ನು ಆಫ್ ಮಾಡಬೇಡ. ಕಾದ ಬೇರಿಂಗ್ ತಣಿಯುವುದು ಅದರಿಂದಲೇ.

ಉಳಿದದ್ದು ಬಂದಾಗ ಮಾತಾಡೋಣ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ