ನಮ್ಮ ಬೋಟು ಮತ್ತೆ ನೀರಿಗಿಳಿಯಿತು

ಮೊನ್ನೆ ಸೋಮವಾರ ನಸುಕಿನಲ್ಲಿ ತುಂಗಭದ್ರೆಯ ಹಿನ್ನೀರಿಗೆ ನಮ್ಮ ಕಬ್ಬಿಣದ ಬೋಟು ಮತ್ತೆ ಇಳಿಯಿತು. ಎರಡು ತಿಂಗಳು ದಂಡೆಯ ಮೇಲಿತ್ತು. ಅದನ್ನು ಎಬ್ಬಿಸಿದವರಿಗೆಲ್ಲ ನಮ್ಮ ಮನೆಮಂದಿಯ ಶರಣು.

ಏಪ್ರಿಲ್‌ನಲ್ಲಿ ಬಲೆ ಎಳೆಯುವಾಗ ಅಪ್ಪನ ಕಾಲು ಪ್ಲೈವುಡ್ ನೆಲ ಮುರಿದುಕೊಂಡು ಕೆಳಗಿಳಿಯಿತು. ಮೂರು ವರ್ಷದ ಹಿಂದೆ ಹಲಗೆ ಮೆತ್ತಗಾದಾಗ ಹಳೆಯದರ ಮೇಲೇ ಹೊಸದನ್ನು ಹೊಡೆದವನು ನಾನು. ಅಡಿಯಲ್ಲಿ ನೀರು ನಿಂತಿದ್ದನ್ನು ನೋಡಲೇ ಇಲ್ಲ. 2024ರಲ್ಲಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾದಾಗ ಇಡೀ ದಂಡೆ ನಿದ್ದೆಗೆಟ್ಟಿತ್ತು. ನೀರಲ್ಲಿರುವ ಕಬ್ಬಿಣವೆಂದರೆ ಅಪ್ಪನಿಗೆ ಅಂದಿನಿಂದಲೂ ಅಂಜಿಕೆ.

ಗಿಣಿಗೇರಿ ಕಡೆ ಕಾರ್ಖಾನೆಯಲ್ಲಿ ದುಡಿಯುವ ವೆಲ್ಡರ್ ಅಣ್ಣ ನೈಟ್ ಶಿಫ್ಟ್ ಮುಗಿಸಿ ನೇರ ದಂಡೆಗೇ ಬಂದ. ನಾವು ಕರೆದದ್ದು ಒಂದು ತೇಪೆ ಹಾಕಲಿಕ್ಕೆ. “ಮೊದಲ ನೆಲ ಪೂರಾ ಕಿತ್ರಿ, ಆಮ್ಯಾಲೆ ಮಾತಾಡೂಣು” ಅಂದ. ಕಿತ್ತೆವು. ತುಕ್ಕು ಪದರು ಪದರಾಗಿ ಎದ್ದಿತ್ತು. ಬೋಟು ಹೋಯಿತೆಂದು ಅವ್ವ ಕಣ್ಣೀರು ಹಾಕಿದಳು. ಆತ ಅವ್ವನ ಪಕ್ಕ ಕೂತು ತಿಳಿಹೇಳಿದ: ಕಬ್ಬಿಣ ತುಕ್ಕಾದರೆ ಹಲವು ಪಟ್ಟು ಉಬ್ಬುತ್ತದೆ, ಬೆರಳು ದಪ್ಪ ತುಕ್ಕು ಕಂಡರೆ ಅಷ್ಟು ಪ್ಲೇಟೇ ಹೋಯಿತೆಂದಲ್ಲ ಯವ್ವಾ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಗೇಣು ಗೇಣಿಗೂ ತಟ್ಟುತ್ತ ಹೋದ. ಟಣ್ ಅಂದಲ್ಲಿ ಬಿಟ್ಟ, ಸದ್ದು ಮಂದವಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ. ತಳದ 4 ಮಿ.ಮೀ. ಪ್ಲೇಟು ಕೆಟ್ಟಿದ್ದು ಮೂರೇ ಕಡೆ, ಮೂರೂ L ಆಕಾರದ ಕಬ್ಬಿಣದ ಆ್ಯಂಗಲ್‌ಗಳ ಬುಡದಲ್ಲಿ. ನೀರು ಹರಿದುಹೋಗಲೆಂದು ಅಲ್ಲಿ ಬಿಟ್ಟಿದ್ದ ತೂತುಗಳು ಕೆಸರು, ಮೀನಿನ ಹುರುಪೆ, ಬಲೆಯ ಎಳೆ ತುಂಬಿ ಮುಚ್ಚಿದ್ದವು.

ಎಂಜಿನ್, ಎಣ್ಣೆ ಟ್ಯಾಂಕು ದೂರವಿಟ್ಟು, ಕೆಟ್ಟ ಭಾಗ ಕತ್ತರಿಸಿ ಹೊಸ ತುಂಡು ಬೆಸೆದ. ತುಂಡಿನ ಮೂಲೆಗಳನ್ನೆಲ್ಲ ದುಂಡಗೆ ಮಾಡಿದ. ಚೌಕ ಮೂಲೆಯಿದ್ದರೆ ಬಿರುಕು ಅಲ್ಲಿಂದಲೇ ಶುರುವಂತೆ. ಒಂದು ಬೆಸುಗೆ ಮನಸ್ಸಿಗೆ ಬರಲಿಲ್ಲವೆಂದು ಮರುದಿನ ತಾನೇ ಬಂದು ಗ್ರೈಂಡರ್‌ನಿಂದ ತೆಗೆದು ಮತ್ತೆ ಮಾಡಿದ. ಆ ದಿನದ ಕೂಲಿ ಮುಟ್ಟಲಿಲ್ಲ.

ಮಾವನ ಮಕ್ಕಳು ಮಾಸ್ಕ್ ಕಟ್ಟಿಕೊಂಡು ಆರು ದಿನ ವೈರ್ ಬ್ರಷ್ಷಿನಲ್ಲಿ ತುಕ್ಕು ಕೆರೆದರು. ಸಂದಿಯಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ಡಿನ ಔಷಧ, ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಎರಡು ಕೋಟ್ ನೀರು ತಡೆಯುವ ಇಪಾಕ್ಸಿ ಬಣ್ಣ. ಕೊಪ್ಪಳದ ಬಣ್ಣದಂಗಡಿಯವರು ಎಲ್ಲವನ್ನೂ ಉದ್ದರಿ ಕೊಟ್ಟರು. ಬಡಿಗೇರ ಅಜ್ಜ 12 ಮಿ.ಮೀ. ಮರೈನ್ ಪ್ಲೈವುಡ್ಡನ್ನು ನಾಲ್ಕು ತುಂಡು ಮಾಡಿ, ಅಂಚಿಗೂ ಕೊರೆದ ತೂತುಗಳೊಳಗೂ ಇಪಾಕ್ಸಿ ಸವರಿ, ಮೊಳೆ ಹೊಡೆಯದೆ ಸ್ಟೀಲ್ ಬೋಲ್ಟಿನಲ್ಲಿ ಕೂರಿಸಿದ. ಬೇಕೆಂದಾಗ ಬಿಚ್ಚಬಹುದು. ನಡುವೆ ಕೈ ಹೋಗುವಷ್ಟು ಒಂದು ಮುಚ್ಚಳವನ್ನೂ ಬಿಟ್ಟಿದ್ದಾನೆ.

ಮಲೆನಾಡಲ್ಲಿ ಮಳೆ ಹಿಡಿದು ಹಿನ್ನೀರು ಏರತೊಡಗಿದಾಗ ಬಣ್ಣ ಇನ್ನೂ ಹಸಿ. ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್ ತಂದು ಬೋಟನ್ನು ಮೇಲಕ್ಕೆಳೆದ ಪಕ್ಕದ ಹೊಲದ ಅಣ್ಣಂದಿರನ್ನು ಹೇಗೆ ಮರೆಯಲಿ? ತನ್ನ ಪುಟ್ಟಿಯನ್ನೇ (ಹರಿಗೋಲನ್ನೇ) ಅಪ್ಪನಿಗೆ ಬಿಟ್ಟುಕೊಟ್ಟು, ತಾನು ದಂಡೆಯಲ್ಲಿ ಗಾಳ ಹಾಕಿ ದಿನ ದೂಡಿದ ಕಾಕಾನನ್ನು? ಪುಟ್ಟಿ ತಿರುಗಿ ಕೊಡಲು ಹೋದಾಗ ಬಾಡಿಗೆಯ ಮಾತೆತ್ತಿದರೆ ಕಾಕಾ ಸಿಟ್ಟಾದ. ಮೊದಲ ದಿನದ ಕಟ್ಲಾ ಮೀನು ಅವರ ಮನೆಗೇ ಹೋಯಿತು.

ಅಪ್ಪ ಈಗ ದಂಡೆಗೆ ಬಂದೊಡನೆ ಮುಚ್ಚಳ ಎತ್ತಿ ಒಳಗೆ ಕೈಯಾಡಿಸುತ್ತಾನೆ. ನಿನ್ನೆಯೂ ನೋಡಿದ. ಒಣಗಿದ ಅಂಗೈಯನ್ನು ಅವ್ವನಿಗೆ ತೋರಿಸಿದ.